ಹಗಲು ಡಾಕ್ಟರು, ರಾತ್ರಿ ಕೊಮೆಡ

ನಮ್ಮ ಬಳಗದ ಕಾರ್ಯಕ್ರಮಗಳಿಗೆ ಬಂದವರಿಗೆ ನನ್ನ ಮುಖ ಅಷ್ಟಾಗಿ ನೆನಪಿರಲಿಕ್ಕಿಲ್ಲ. ಸ್ಟೇಜಿನ ಎಡಮೂಲೆಯಲ್ಲಿ, ದೊಡ್ಡ ಸ್ಪೀಕರಿನ ಮರೆಯಲ್ಲಿ ಕೀಬೋರ್ಡ್ ಇಟ್ಟುಕೊಂಡು ಕೂತಿರುವವನು ನಾನು. ರಾಜ್ಯೋತ್ಸವ ಇರಲಿ, ಯುಗಾದಿ ಇರಲಿ, ಹಾಡುವವರ ಶ್ರುತಿ ಎಲ್ಲಿಗೆ ಓಡುತ್ತದೋ ಅಲ್ಲಿಗೆ ಹಿಂದಿನಿಂದ ಓಡುವುದು ನನ್ನ ಕೆಲಸ. ಉಳಿದ ದಿನಗಳಲ್ಲಿ ನಾನು ಇಂಗ್ಲೆಂಡಿನ ಒಂದು ಸರಕಾರಿ ಆಸ್ಪತ್ರೆಯಲ್ಲಿ, ಕಿವಿ-ಮೂಗು-ಗಂಟಲು ವಾರ್ಡಿನಲ್ಲಿ ನರ್ಸ್.

ಈ ಎರಡನೆಯ ವಿಷಯ ಬಳಗದಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ತಪ್ಪು ನನ್ನದೇ. ಯಾರಾದರೂ ಕೇಳಿದರೆ ಆಸ್ಪತ್ರೆಯಲ್ಲಿ ಕೆಲಸ ಅಂತಷ್ಟೇ ಹೇಳಿ ಮಾತು ಬದಲಿಸುತ್ತಿದ್ದೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಗಂಡು ಹುಡುಗ ನರ್ಸಿಂಗ್ ಓದಿದ್ದೇ ಆಗ ದೊಡ್ಡ ಸುದ್ದಿಯಾಗಿತ್ತು. ಇತ್ತ ವಾರ್ಡಿನಲ್ಲಿ ನಾನು ಕೀಬೋರ್ಡ್ ನುಡಿಸುತ್ತೇನೆ ಅನ್ನೋದು ಯಾರಿಗೂ ತಿಳಿಯದು. ಅವರು ನನ್ನ ಹೆಸರನ್ನೂ ಎರಡಕ್ಷರಕ್ಕೆ ಕತ್ತರಿಸಿ ಇಟ್ಟುಕೊಂಡಿದ್ದಾರೆ. ಹೀಗೆ ಎರಡು ಹೆಸರು, ಎರಡು ಮನುಷ್ಯ. ನಮ್ಮಲ್ಲಿ ಬಹಳ ಮಂದಿಯ ಪಾಡು ಇದೇ ಅಲ್ವಾ?

ಎರಡು ವರ್ಷದ ಹಿಂದೆ ಒಂದು ನೈಟ್ ಡ್ಯೂಟಿ. ಬೆಳಗಿನ ಜಾವ ಮೂರು ಗಂಟೆ ಇರಬೇಕು. ರೋಗಿಗಳು ಮಲಗಿದ್ದರು. ಬರುವ ಶನಿವಾರದ ಹಾಡನ್ನು ನೆನಪು ಮಾಡಿಕೊಳ್ಳುತ್ತಾ ಮೇಜಿನ ಮೇಲೆ ಬೆರಳು ಆಡಿಸುತ್ತಿದ್ದೆ. ಪೋಲೆಂಡಿನ ಒಬ್ಬ ಹಿರಿಯ ಸಹೋದ್ಯೋಗಿ, ಇಪ್ಪತ್ತು ವರ್ಷದಿಂದ ಇಲ್ಲೇ ದುಡಿಯುತ್ತಿದ್ದವರು, ಅದನ್ನು ನೋಡಿಬಿಟ್ಟರು. ಇದು ಸುಮ್ಮನೆ ಬಡಿಯುವ ಬೆರಳಲ್ಲ, ಪಿಯಾನೋ ಬೆರಳು ಅಂತ ಅವರಿಗೆ ಗೊತ್ತಾಗಿಹೋಯಿತು. ಗುಟ್ಟು ರಟ್ಟಾದ ಮೇಲೆ ಅವರೇ ಹೇಳಿದ್ದು: ತಮ್ಮ ದೇಶದಲ್ಲೂ ಒಬ್ಬರಿದ್ದರು, ಕಿವಿ-ಮೂಗು-ಗಂಟಲು ಡಾಕ್ಟರು, ಪಿಯಾನೋ ನುಡಿಸುವುದು ಆಸ್ಪತ್ರೆಗೆ ತಿಳಿಯಬಾರದು ಅಂತ ಬೇರೆ ಹೆಸರು ಇಟ್ಟುಕೊಂಡಿದ್ದರು, ಕೊನೆಗೆ ಹಾಲಿವುಡ್ಡಿಗೆ ಹೋದರು, ಅಲ್ಲಿಂದ ಹೆಚ್ಚುಕಡಿಮೆ ಹೆಣವಾಗಿ ವಾಪಸ್ ಬಂದರು ಅಂತ. ಆವತ್ತಿನಿಂದ ಈ ಮನುಷ್ಯ ನನ್ನನ್ನು ಬಿಟ್ಟಿಲ್ಲ. ಸಿಕ್ಕಿದ್ದನ್ನೆಲ್ಲ ಓದಿದೆ, ಸಿಕ್ಕಿದ್ದನ್ನೆಲ್ಲ ಕೇಳಿದೆ. ಸಂಚಿಕೆಗೆ ಏನಾದರೂ ಬರೆಯಿರಿ ಅಂತ ಸಂಪಾದಕರು ಬೆನ್ನು ಬಿದ್ದಾಗ ಬೇರೇನೂ ಹೊಳೆಯಲಿಲ್ಲ.

ಅವರ ಹೆಸರು ಕ್ಶಿಶ್ಟೋಫ್ ಟ್ಶ್ಚಿನ್‌ಸ್ಕಿ. ಓದುವಾಗ ನಾಲಿಗೆ ತೊಡರಿತು ತಾನೇ? ನಮ್ಮ ವೆಂಕಟರಮಣಯ್ಯ, ಲಕ್ಷ್ಮೀನರಸಿಂಹಗಳನ್ನು ಹೇಳಲು ಇಲ್ಲಿನವರು ಒದ್ದಾಡುವಾಗ ನಗುವ ನಮಗೆ ಇದು ಸರಿಯಾದ ಶಿಕ್ಷೆ. ಹುಟ್ಟಿದ್ದು 1931ರ ಏಪ್ರಿಲ್ 27, ಪಶ್ಚಿಮ ಪೋಲೆಂಡಿನ ಪೊಜ್ನಾನ್‌ನಲ್ಲಿ. ಎಳವೆಯಲ್ಲೇ ಪೋಲಿಯೋ ತಗುಲಿ ಕಾಲು ಸ್ವಲ್ಪ ಕುಂಟಾಯಿತು. ಏಳನೇ ವರ್ಷಕ್ಕೆ ಪಿಯಾನೋ ಪಾಠ, ಎಂಟಕ್ಕೆ ಪೊಜ್ನಾನ್ ಸಂಗೀತ ಶಾಲೆ. ಹುಡುಗ ದೊಡ್ಡ ವಾದಕನಾಗುತ್ತಾನೆ ಅಂತ ಮನೆಯವರು ಅಂದುಕೊಳ್ಳುವ ಹೊತ್ತಿಗೆ 1939ರ ಸೆಪ್ಟೆಂಬರಿನಲ್ಲಿ ಹಿಟ್ಲರನ ಸೈನ್ಯ ಬಂತು. ಶಾಲೆಯೂ ಹೋಯಿತು, ಊರೂ ಹೋಯಿತು. ಯುದ್ಧದ ವರ್ಷಗಳು ಚೆನ್‌ಸ್ಟೊಖೋವಾ ಪಟ್ಟಣದಲ್ಲಿ ಕಳೆದವು. ಪಿಯಾನೋ ಪಾಠ ಅಲ್ಲಿ ಇಲ್ಲಿ ಹೇಗೋ ನಡೆಯಿತಾದರೂ ವಾದಕನಾಗಲು ಬೇಕಾದ ಆ ಹತ್ತು ವರ್ಷಗಳ ಕಟ್ಟುನಿಟ್ಟಿನ ಅಭ್ಯಾಸ ಮತ್ತೆ ಕೈಗೆ ಸಿಗಲೇ ಇಲ್ಲ. ಆಮೇಲೂ ಅವರ ಕೈಯಲ್ಲಿ ವೇಗದ ಚಮತ್ಕಾರ ಅಷ್ಟಾಗಿ ಇರಲಿಲ್ಲ. ಕಡಿಮೆ ಸ್ವರ, ನಡುವೆ ಬೇಕಾದಷ್ಟು ಮೌನ. ನನ್ನಂಥ ಅರೆಬರೆ ಕಲಿತವನಿಗೆ ಇದನ್ನು ಕೇಳಿ ಒಳಗೊಳಗೇ ಸಮಾಧಾನವಾಯಿತು ಅನ್ನೋದನ್ನು ಮುಚ್ಚಿಡುವುದಿಲ್ಲ.

ಕೊಮೆಡ ಅನ್ನೋ ಹೆಸರು ಬಂದದ್ದೂ ಆ ಯುದ್ಧದ ದಿನಗಳಲ್ಲೇ ಅಂತ ಹೇಳುತ್ತಾರೆ. ಮಕ್ಕಳು ಯುದ್ಧದಾಟ ಆಡುತ್ತಾ ತಮ್ಮ ಠಾಣೆಯ ಗೋಡೆ ಮೇಲೆ ಕೊಮೆಂಡ, ಅಂದರೆ ದಂಡಿನ ಕಚೇರಿ, ಅಂತ ಬರೆಯಹೊರಟರಂತೆ. ಈ ಹುಡುಗ ಒಂದು ಅಕ್ಷರ ನುಂಗಿ ಕೊಮೆಡ ಅಂತ ಬರೆದನಂತೆ. ಗೆಳೆಯರು ಅದನ್ನೇ ಹಿಡಿದುಕೊಂಡರು. ಕಾಗುಣಿತ ತಪ್ಪಿಗೆ ಮೇಷ್ಟ್ರ ಕೈಲಿ ಏಟು ತಿಂದವರು ನಾವೆಲ್ಲ. ಒಂದು ತಪ್ಪು ಅಕ್ಷರ ಮುಂದೆ ಸಿನಿಮಾ ಪರದೆ ಮೇಲೆ ಬರುವ ಹೆಸರಾಯಿತು.

ಯುದ್ಧ ಮುಗಿದು ಓಸ್ತ್ರುವ್ ಎಂಬ ಊರಿನಲ್ಲಿ ಹೈಸ್ಕೂಲು. ಅದೇ ಶಾಲೆಯಲ್ಲಿ ಓದಿ ಹೋಗಿದ್ದ ವಿಟೋಲ್ಡ್ ಕುಯಾವ್‌ಸ್ಕಿ ಎಂಬ ಬಾಸ್ ವಾದಕ ಇವರಿಗೆ ಜಾಜ್ ರುಚಿ ಹತ್ತಿಸಿದರು. ಕ್ರಾಕುವ್‌ನಲ್ಲಿ ತಮ್ಮ ಪುಟ್ಟ ಮನೆಗೆ ಕರೆದುಕೊಂಡು ಹೋಗಿ ಅಲ್ಲಿ ಸೇರುತ್ತಿದ್ದ ವಾದಕರ ನಡುವೆ ಕೂರಿಸಿದರು. ಜಾಜ್ ಅಂದರೆ ಏನು ಅಂತ ಕೇಳುವವರಿಗೆ ನಾನು ಹೇಳೋದು ಇಷ್ಟೇ: ನಮ್ಮ ಕಛೇರಿಯಲ್ಲಿ ಕೃತಿ ಮುಗಿಸಿ ಸ್ವರ ಹಾಕುತ್ತಾರಲ್ಲ, ಪಿಟೀಲಿನವರು ಅದಕ್ಕೆ ಉತ್ತರ ಕೊಡುತ್ತಾರಲ್ಲ, ಆ ಮನೋಧರ್ಮದ ಆಟವೇ ಜಾಜಿನ ಜೀವ.

ಆದರೆ ಆಗ ಪೋಲೆಂಡಿನಲ್ಲಿ ಜಾಜ್ ನುಡಿಸೋದು ಸುಮ್ಮನೆ ಮಾತಲ್ಲ. ಸ್ಟಾಲಿನ್ ಕಾಲ. ಜಾಜ್ ಅಂದರೆ ಅಮೆರಿಕದ ಶ್ರೀಮಂತರ ಕೊಳೆತ ಸಂಗೀತ ಅಂತ ಸರಕಾರದ ಅಭಿಪ್ರಾಯ. ರೇಡಿಯೋದಲ್ಲಿ ಬರುತ್ತಿರಲಿಲ್ಲ, ಸಭಾಂಗಣ ಸಿಗುತ್ತಿರಲಿಲ್ಲ. ವಾದಕರು ಪರದೆ ಎಳೆದುಕೊಂಡು ಮನೆಗಳಲ್ಲಿ ನುಡಿಸುತ್ತಿದ್ದರು. ಆ ಕಾಲವನ್ನು ಅಲ್ಲಿ ನೆಲಮಾಳಿಗೆಯ ಜಾಜ್ ಕಾಲ ಅಂತಲೇ ಕರೆಯುತ್ತಾರೆ. 1955ರಿಂದ ವಾಯ್ಸ್ ಆಫ್ ಅಮೆರಿಕದಲ್ಲಿ ವಿಲ್ಲಿಸ್ ಕಾನೋವರ್ ಎಂಬುವರ ಜಾಜ್ ಕಾರ್ಯಕ್ರಮ ಶುರುವಾದ ಮೇಲೆ ಪೂರ್ವ ಯುರೋಪಿನ ಹುಡುಗರು ರಾತ್ರಿ ಶಾರ್ಟ್‌ವೇವ್ ಹಿಡಿದು ಕೂರತೊಡಗಿದರು. ನಮ್ಮ ಹಿರಿಯರಿಗೆ ಇದು ಅರ್ಥವಾಗುತ್ತದೆ. 1952ರಲ್ಲಿ ಮಂತ್ರಿ ಕೇಸ್ಕರ್ ಅವರು ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಕಡಿವಾಣ ಹಾಕಿದಾಗ ಇಡೀ ದೇಶ ಸಿಲೋನ್ ರೇಡಿಯೋ ಕಡೆ ತಿರುಗಿತ್ತಲ್ಲ, ಹಾಗೇ. ಬೇಡ ಅಂದಷ್ಟೂ ಕಿವಿ ಅತ್ತಲೇ ಹೋಗುತ್ತದೆ.

ಹಾಗಂತ ಕೊಮೆಡ ಹೊಟ್ಟೆಪಾಡನ್ನು ಮರೆಯಲಿಲ್ಲ. 1950ರಲ್ಲಿ ಪೊಜ್ನಾನ್ ವೈದ್ಯಕೀಯ ಕಾಲೇಜಿಗೆ ಸೇರಿ ಆರು ವರ್ಷ ಓದಿ ಡಾಕ್ಟರಾದರು. ಆರಿಸಿಕೊಂಡದ್ದು ಕಿವಿ, ಮೂಗು, ಗಂಟಲು. ಹಗಲು ಕ್ಲಿನಿಕ್ಕಿನಲ್ಲಿ ಡಾಕ್ಟರ್ ಟ್ಶ್ಚಿನ್‌ಸ್ಕಿ, ರಾತ್ರಿ ಪಿಯಾನೋ ಮುಂದೆ ಕೊಮೆಡ. ಪೋಸ್ಟರಿನಲ್ಲಿ ನಿಜವಾದ ಹೆಸರು ಕಂಡರೆ ಕ್ಲಿನಿಕ್ಕಿನವರು ಏನಂದಾರು ಅನ್ನೋ ಅಳುಕು. ಜಾಜ್ ನುಡಿಸುವ ಡಾಕ್ಟರ ಹತ್ತಿರ ಗಂಟಲು ತೋರಿಸಲು ಯಾರು ಬರುತ್ತಾರೆ?

1956ನ್ನು ಸ್ವಲ್ಪ ನಿಂತು ನೋಡಬೇಕು. ಆ ಜೂನ್ 28ಕ್ಕೆ ಅದೇ ಪೊಜ್ನಾನ್‌ನಲ್ಲಿ, ಸ್ಟಾಲಿನ್ ಹೆಸರಿಟ್ಟಿದ್ದ ಕಾರ್ಖಾನೆಯ ಕಾರ್ಮಿಕರು ಕೂಲಿ ಮತ್ತು ರೊಟ್ಟಿ ಕೇಳಿ ಬೀದಿಗಿಳಿದರು. ಸರಕಾರ ಟ್ಯಾಂಕು ಕಳಿಸಿತು. ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಆಮೇಲೆ ಅದೇ ಸರಕಾರ ಬಿಗಿ ಸಡಿಲಿಸಬೇಕಾಯಿತು. ಆಗಸ್ಟಿನಲ್ಲಿ ಬಾಲ್ಟಿಕ್ ಸಮುದ್ರದ ದಂಡೆಯ ಸೊಪೊತ್‌ನಲ್ಲಿ ಮೊದಲ ಜಾಜ್ ಉತ್ಸವ ನಡೆಯಿತು. ನೆಲಮಾಳಿಗೆಯಿಂದ ಎದ್ದು ಬಂದವರು ಸಾವಿರಾರು ಜನರ ಮುಂದೆ ನುಡಿಸಿದರು. ಕೊಮೆಡ ಅವರ ಆರು ಜನರ ತಂಡ ಅಲ್ಲಿ ಗೆದ್ದದ್ದು ಕುಣಿಸುವ ಹಳೆಯ ಧಾಟಿಯಿಂದಲ್ಲ. ಕೂತು ಕೇಳಬೇಕಾದ ಹೊಸ ಜಾಜಿನಿಂದ. ಕಾರ್ಮಿಕರು ರಕ್ತ ಕೊಟ್ಟು ತೆರೆದ ಬಾಗಿಲಲ್ಲಿ ಸಂಗೀತಗಾರರೂ ಹೊರಗೆ ಬಂದರು ಅಂತ ನನಗನ್ನಿಸುತ್ತದೆ. ಇತಿಹಾಸ ಬರೆಯುವವರು ಇದನ್ನು ಇಷ್ಟು ನೇರವಾಗಿ ಹೇಳಲಾರರೇನೋ.

ಸ್ವಲ್ಪ ಕಾಲದಲ್ಲೇ ಡಾಕ್ಟರಿಕೆ ಬಿಟ್ಟರು. ಆರು ವರ್ಷ ಓದಿದ ವೃತ್ತಿ! ನಮ್ಮೂರಲ್ಲಾದರೆ ಅಪ್ಪ ಅಮ್ಮ ಅನ್ನ ನೀರು ಬಿಡುತ್ತಿದ್ದರು. ಹೆಂಡತಿ ಜೋಫಿಯಾ ಗಟ್ಟಿಗಿತ್ತಿ. ಕಛೇರಿ ಗೊತ್ತುಮಾಡುವುದು, ದುಡ್ಡಿನ ಲೆಕ್ಕ, ಜಗಳ, ಎಲ್ಲ ಅವರದು. ಇವರು ಮಾತೇ ಆಡದ ಮನುಷ್ಯ. ಜೊತೆಗೆ ನುಡಿಸಿದವರೆಲ್ಲ ಇವರ ಮೌನವನ್ನೇ ಮೊದಲು ನೆನೆಯುತ್ತಾರೆ. ಹೊಸಬರಿಗೆ ಸ್ವರಗಳ ಚೀಟಿ ಕೊಟ್ಟು, ಹೇಗೆ ನುಡಿಸಬೇಕು ಅಂತ ಏನೂ ಹೇಳದೆ ಸುಮ್ಮನೆ ಶುರು ಮಾಡಿಬಿಡುತ್ತಿದ್ದರಂತೆ.

ಸಿನಿಮಾಕ್ಕೆ ಬಂದದ್ದು 1958ರಲ್ಲಿ. ವೂಚ್ ನಗರದ ಸಿನಿಮಾ ಶಾಲೆಯಲ್ಲಿ ಓದುತ್ತಿದ್ದ ರೋಮನ್ ಪೊಲಾನ್‌ಸ್ಕಿ ಎಂಬ ಹುಡುಗ ಕಾಲು ಗಂಟೆಯ ಒಂದು ಚಿತ್ರ ಮಾಡಿದ: 'ಇಬ್ಬರು ಮನುಷ್ಯರು ಮತ್ತು ಒಂದು ಬೀರು'. (ಈ ಪೊಲಾನ್‌ಸ್ಕಿ ಮುಂದೆ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು ಓಡಿಹೋದ ಪ್ರಕರಣ ನಿಮಗೆ ಗೊತ್ತಿರಬಹುದು. ಅದು 1977ರ ನಂತರದ ಮಾತು, ಅದನ್ನು ಒರೆಸಿಹಾಕುವ ಉದ್ದೇಶ ನನಗಿಲ್ಲ.) ಚಿತ್ರದಲ್ಲಿ ಒಂದೇ ಒಂದು ಮಾತಿಲ್ಲ. ಸಮುದ್ರದೊಳಗಿಂದ ಇಬ್ಬರು ಕನ್ನಡಿ ಇರುವ ದೊಡ್ಡ ಮರದ ಬೀರು ಹೊತ್ತು ಬರುತ್ತಾರೆ. ಊರೊಳಗೆ ಹೋಗುತ್ತಾರೆ. ಟ್ರಾಮಿಗೆ ಹತ್ತಿಸುವುದಿಲ್ಲ. ಹೋಟೆಲಿನಲ್ಲಿ ಊಟ ಇಲ್ಲ, ತಂಗಲು ಕೋಣೆ ಇಲ್ಲ. ಪುಂಡರು ಹೊಡೆಯುತ್ತಾರೆ. ಅವರಿಬ್ಬರೂ ಬೀರು ಮಾತ್ರ ಬಿಡುವುದಿಲ್ಲ. ಕೊನೆಗೆ ಅದನ್ನು ಹೊತ್ತು ಮತ್ತೆ ಸಮುದ್ರದೊಳಗೇ ನಡೆದುಹೋಗುತ್ತಾರೆ.

ನಾನು ಇದನ್ನು ಮೊದಲು ನೋಡಿದಾಗ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸಿನ ತೂಕ ಹೆಚ್ಚಾಗಿ, ಉಪ್ಪಿನಕಾಯಿ ಡಬ್ಬಿ ತೆಗೆದು ಅಮ್ಮನ ಕೈಗೆ ವಾಪಸ್ ಕೊಟ್ಟದ್ದು ನೆನಪಾಯಿತು. ಮೊದಲ ತಿಂಗಳು ಮೂರು ಸೂಟ್‌ಕೇಸ್ ಎಳೆದುಕೊಂಡು ಬಾಡಿಗೆ ಕೋಣೆಗಾಗಿ ಬಾಗಿಲು ತಟ್ಟಿದ್ದು ನೆನಪಾಯಿತು. ನಿಮಗೂ ನಿಮ್ಮದೇ ಬೀರು ನೆನಪಾಗಬಹುದು. ಇಷ್ಟು ದುಃಖದ ಕತೆಗೆ ಕೊಮೆಡ ಅಳುಮುಂಜಿ ಸಂಗೀತ ಕೊಟ್ಟಿಲ್ಲ. ಅಲ್ಲೇ ಅವರ ಜಾಣ್ಮೆ. ಆ ಇಬ್ಬರು ತಮ್ಮಷ್ಟಕ್ಕೆ ಕುಣಿದುಕೊಂಡು ಬರುವಂಥ ಹಗುರ ಲಯ, ಅದರ ಕೆಳಗೆ ಎಲ್ಲೋ ಒಂದು ಒಂಟಿತನ. ಆ ವರ್ಷ ಬ್ರಸೆಲ್ಸ್ ವಿಶ್ವಮೇಳದ ಚಿತ್ರಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನ ಬಂತು. ಸಿನಿಮಾಕ್ಕೂ ಕೊಮೆಡನಿಗೂ ನಂಟು ಬಿತ್ತು.

1960ರಲ್ಲಿ ಆಂದ್ರೆ ವೈದಾ ಎಂಬ ದೊಡ್ಡ ನಿರ್ದೇಶಕರು 'ಮುಗ್ಧ ಮಾಂತ್ರಿಕರು' ಅಂತ ಒಂದು ಚಿತ್ರ ಮಾಡಿದರು. ನಾಯಕ ಹಗಲು ಡಾಕ್ಟರು, ರಾತ್ರಿ ಜಾಜ್ ಡ್ರಮ್ ನುಡಿಸುವವನು. ಸಂಗೀತ ಯಾರದು ಅಂತ ಬೇರೆ ಹೇಳಬೇಕೇ? ಕ್ಲಿನಿಕ್ಕಿಗೆ ಹೆದರಿ ಮುಚ್ಚಿಟ್ಟ ಜೀವನ ನಾಲ್ಕೇ ವರ್ಷಕ್ಕೆ ಥಿಯೇಟರಿನಲ್ಲಿ ಟಿಕೆಟ್ ಕೊಟ್ಟು ನೋಡುವ ಕತೆಯಾಗಿತ್ತು. ಕೊಮೆಡ ಸ್ವತಃ ಅದರಲ್ಲಿ ಮುಖ ತೋರಿಸುತ್ತಾರೆ.

1962ರ 'ನೀರಿನಲ್ಲಿ ಚಾಕು' ಪೊಲಾನ್‌ಸ್ಕಿಯ ಮೊದಲ ಪೂರ್ಣ ಚಿತ್ರ. ಒಂದು ಹಾಯಿದೋಣಿ, ಗಂಡ, ಹೆಂಡತಿ, ದಾರಿಯಲ್ಲಿ ಸಿಕ್ಕ ಒಬ್ಬ ಹುಡುಗ. ಅಷ್ಟೇ ಪಾತ್ರ. ಸುತ್ತ ಬರೀ ನೀರು. ಸ್ವೀಡನ್ನಿನ ಬರ್ನ್ಟ್ ರೂಸೆನ್‌ಗ್ರೆನ್ ಅವರ ಸ್ಯಾಕ್ಸೊಫೋನ್ ಇಲ್ಲಿ ನಾಲ್ಕನೆಯ ಪಾತ್ರ. ಬಾಯಿಬಿಟ್ಟು ಆಡದ ಹೊಟ್ಟೆಕಿಚ್ಚನ್ನು ಅದು ಆಡುತ್ತದೆ. ವಿದೇಶಿ ಭಾಷೆಯ ಚಿತ್ರಗಳ ಆಸ್ಕರ್ ಪಟ್ಟಿಗೆ ಈ ಚಿತ್ರ ಹೋಯಿತು. ಗೆದ್ದದ್ದು ಮಾತ್ರ ಇಟಲಿಯ ಫೆಲಿನಿ ಚಿತ್ರ, ನಿನೊ ರೋಟಾ ಸಂಗೀತದ್ದು.

ಆಮೇಲೆ ಓಡಾಟವೇ ಓಡಾಟ. ಕಬ್ಬಿಣದ ಪರದೆಯ ಆ ಕಡೆಯಿಂದ ಈ ಕಡೆಗೆ ಬರುವುದು ಎಲ್ಲರಿಗೂ ಸಾಧ್ಯವಿರಲಿಲ್ಲ, ಪಾಸ್‌ಪೋರ್ಟ್ ಅನ್ನೋದು ಸರಕಾರದ ಕಪಾಟಿನಲ್ಲಿರುತ್ತಿತ್ತು. ಸಂಗೀತಗಾರರಿಗೆ ಅಷ್ಟಿಷ್ಟು ದಾರಿ ಇತ್ತು. ಕೊಮೆಡ ಸ್ಟಾಕ್‌ಹೋಮ್, ಕೋಪನ್‌ಹೇಗನ್ ಕ್ಲಬ್ಬುಗಳಲ್ಲಿ ನುಡಿಸಿದರು. ಡೆನ್ಮಾರ್ಕಿನ ಹೆನಿಂಗ್ ಕಾರ್ಲ್‌ಸೆನ್‌ಗೆ ಚಿತ್ರಗಳ ಸಂಗೀತ ಮಾಡಿಕೊಟ್ಟರು. ಅದರಲ್ಲೊಂದು 'ಹಸಿವು', ಕ್ನುಟ್ ಹಾಮ್ಸುನ್ ಕಾದಂಬರಿ ಆಧರಿಸಿದ್ದು, 1966ರದ್ದು. ಅತ್ತ ಪೋಲೆಂಡಿನ ಗೆಳೆಯ ಸ್ಕೊಲಿಮೊವ್‌ಸ್ಕಿಗೆ, ಇತ್ತ ಪಶ್ಚಿಮಕ್ಕೆ ಬಂದ ಪೊಲಾನ್‌ಸ್ಕಿಗೆ. ಒಟ್ಟು ಅರವತ್ತಕ್ಕೂ ಹೆಚ್ಚು ಚಿತ್ರ, ಹತ್ತೇ ಹತ್ತು ವರ್ಷದಲ್ಲಿ. ಎಲ್ಲವೂ ಚಿನ್ನವಲ್ಲ ಬಿಡಿ. ಕೆಲವು ಬಾಡಿಗೆ ಕಟ್ಟಲು ಮಾಡಿದ ಕೆಲಸ ಅಂತ ಕೇಳಿದರೇ ತಿಳಿಯುತ್ತದೆ.

ಆದರೆ ಒಂದೇ ಒಂದು ಕೇಳುತ್ತೇನೆ ಅನ್ನುವವರಿಗೆ ನಾನು ಸಿನಿಮಾ ಸಂಗೀತ ಕೊಡುವುದಿಲ್ಲ, 'ಆಸ್ಟಿಗ್ಮ್ಯಾಟಿಕ್' ಕೊಡುತ್ತೇನೆ. 1965ರ ಡಿಸೆಂಬರಿನಲ್ಲಿ ವಾರ್ಸಾದಲ್ಲಿ ಮುದ್ರಿಸಿದ್ದು. ಐದು ಜನ, ಮೂರೇ ರಚನೆ. ತುತ್ತೂರಿಗೆ ಇಪ್ಪತ್ಮೂರರ ಹುಡುಗ ತೊಮಾಶ್ ಸ್ತಾಂಕೊ, ಸ್ಯಾಕ್ಸೊಫೋನಿಗೆ ನಮಿಸ್ವೊವ್‌ಸ್ಕಿ, ಬಾಸ್ ಜರ್ಮನಿಯ ಗುಂಟರ್ ಲೆಂಟ್ಸ್, ಡ್ರಮ್ ಸ್ವೀಡನ್ನಿನ ರೂನೆ ಕಾರ್ಲ್‌ಸನ್. ಮೊದಲ ರಚನೆಯೇ ಇಪ್ಪತ್ತು ನಿಮಿಷ ದಾಟುತ್ತದೆ, ತಟ್ಟೆಯ ಒಂದು ಪಕ್ಕವೆಲ್ಲ ಅದೇ. ಮೊದಲ ಸಲ ಕೇಳಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ನಾಲ್ಕನೇ ಸಲ, ಬೆಳಿಗ್ಗೆ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಬರುವಾಗ, ಇದ್ದಕ್ಕಿದ್ದ ಹಾಗೆ ಬಾಗಿಲು ತೆರೆದಂತಾಯಿತು. ಅಮೆರಿಕದ ಜಾಜನ್ನು ನಕಲು ಮಾಡದೆ, ತಮ್ಮ ನಾಡಿನ ಚಳಿ ಮತ್ತು ಮಂಕನ್ನು ಅದರೊಳಗೆ ತಂದರು ಅಂತ ಬಲ್ಲವರು ಹೇಳುತ್ತಾರೆ. ಇಲ್ಲಿನ ನವೆಂಬರ್ ಕಂಡವರಿಗೆ ಅದನ್ನು ವಿವರಿಸಬೇಕಾಗಿಲ್ಲ. ನಾನಿಳಿಯಬೇಕಾದ ಸ್ಟಾಪು ಹಿಂದೆ ಹೋಗಿತ್ತು.

1968ರಲ್ಲಿ ಕರೆ ಬಂತು, ಹಾಲಿವುಡ್ಡಿನಿಂದ. ಪೊಲಾನ್‌ಸ್ಕಿ ಅಲ್ಲಿ ಪ್ಯಾರಾಮೌಂಟ್ ಕಂಪನಿಗೆ 'ರೋಸ್‌ಮೆರೀಸ್ ಬೇಬಿ' ಮಾಡುತ್ತಿದ್ದ. ಸಂಗೀತಕ್ಕೆ ತನ್ನ ಹಳೆಯ ಗೆಳೆಯನೇ ಬೇಕು ಅಂದ. ಕೊಮೆಡ ಹೋದರು. ಅಲ್ಲಿನವರ ನಾಲಿಗೆಗೆ ಕ್ಶಿಶ್ಟೋಫ್ ಹೊರಳದೆ ಪರದೆ ಮೇಲೆ ಕ್ರಿಸ್ಟೋಫರ್ ಕೊಮೆಡ ಅಂತಾಯಿತು. ಅಲ್ಲಿಗೆ ಮೂರನೆಯ ಹೆಸರು.

ಆ ಚಿತ್ರದ ಮೊದಲ ದೃಶ್ಯದಲ್ಲಿ ನ್ಯೂಯಾರ್ಕಿನ ಮಾಳಿಗೆಗಳ ಮೇಲೆ ಕ್ಯಾಮೆರಾ ಸುಮ್ಮನೆ ತೇಲುತ್ತದೆ. ಹಿಂದೆ ಒಂದು ಜೋಗುಳ. ಮಾತಿಲ್ಲ, ಬರೀ ಲಾ ಲಾ. ಹಾಡಿದ್ದು ಹಿನ್ನೆಲೆ ಗಾಯಕಿಯಲ್ಲ, ಬಸುರಿಯ ಪಾತ್ರ ಮಾಡಿದ ನಟಿ ಮಿಯಾ ಫಾರೋ. ಶ್ರುತಿ ಸ್ವಲ್ಪ ಅಳುಕುವ, ಕಲಿಯದ ಗಂಟಲು. ಮೂರು ಎಣಿಕೆಯ ತೊಟ್ಟಿಲ ನಡೆ. ಕೇಳಿದರೆ ತಾಯಿಯ ಪ್ರೀತಿಯೂ ಹೌದು, ಬೆನ್ನಲ್ಲಿ ಚಳಿ ಹುಟ್ಟಿಸುವ ಹೆದರಿಕೆಯೂ ಹೌದು. ಇದರ ಶಕ್ತಿ ಏನು ಅಂತ ನಮ್ಮವರಿಗೆ ತಿಳಿಸಲು ನನಗೊಂದು ಉದಾಹರಣೆ ಇದೆ. ನಮ್ಮೂರ ಪಕ್ಕದ ಆಗುಂಬೆಯಲ್ಲಿ ಶಂಕರ್‌ನಾಗ್ ತೆಗೆದ ಮಾಲ್ಗುಡಿ ಡೇಸ್. ಅದರ ಶುರುವಿಗೆ ಎಲ್. ವೈದ್ಯನಾಥನ್ ಮಾಡಿದ ಮಾತಿಲ್ಲದ ಆ ರಾಗ. ಎರಡು ಸೆಕೆಂಡ್ ಕೇಳಿದರೆ ಸಾಕು, ಇಲ್ಲಿ ಮಳೆ ಬರುತ್ತಿದ್ದರೂ ನಾವು ಅಲ್ಲಿರುತ್ತೇವೆ. ಮಾತು ಇದ್ದಿದ್ದರೆ ಅಷ್ಟು ದೂರ ಒಯ್ಯುತ್ತಿರಲಿಲ್ಲ. ಕೊಮೆಡನ ಜೋಗುಳವೂ ಅಂಥದ್ದು. ಚಿತ್ರ 1968ರ ಜೂನ್‌ನಲ್ಲಿ ಬಿಡುಗಡೆಯಾಗಿ ಭಾರಿ ಗೆದ್ದಿತು. ಸಂಗೀತ ಗೋಲ್ಡನ್ ಗ್ಲೋಬ್ ಪಟ್ಟಿಗೆ ಬಂತು. ಹಾಲಿವುಡ್ಡಿನಲ್ಲೇ 'ರಯಟ್' ಎಂಬ ಇನ್ನೊಂದು ಚಿತ್ರವೂ ಸಿಕ್ಕಿತು. ಅದೇ ಕೊನೆಯದು.

ಆ ವರ್ಷದ ಕೊನೆಗೆ ಲಾಸ್ ಏಂಜಲೀಸ್‌ನಲ್ಲಿ ಪೋಲೆಂಡಿನಿಂದ ಬಂದವರ ಒಂದು ಸಣ್ಣ ಗುಂಪು. ಪರದೇಶದಲ್ಲಿ ನಮ್ಮವರು ಸೇರಿದರೆ ಏನಾಗುತ್ತದೆ ನಿಮಗೆ ಗೊತ್ತೇ ಇದೆ. ಊರ ಮಾತು, ಕುಡಿತ, ತಮಾಷೆ. ಅವರಲ್ಲೊಬ್ಬರು ಮಾರೆಕ್ ಹ್ವಾಸ್ಕೊ, ದೇಶ ಬಿಟ್ಟು ಅಲೆಯುತ್ತಿದ್ದ ದೊಡ್ಡ ಕತೆಗಾರ. ಕುಡಿದ ಹೊತ್ತಿನಲ್ಲಿ ಆಟಕ್ಕೆ ತಳ್ಳಿದ್ದು, ಕೊಮೆಡ ಇಳಿಜಾರಿನಲ್ಲಿ ಬಿದ್ದು ತಲೆಗೆ ಪೆಟ್ಟಾಯಿತು ಅಂತ ಅವರ ಜೀವನ ಬರೆದವರು ಹೇಳುತ್ತಾರೆ. ದ್ವೇಷವೇನೂ ಇರಲಿಲ್ಲ. ಎದ್ದು ಮೈ ಕೊಡವಿಕೊಂಡರು. ಪೆಟ್ಟು ದೊಡ್ಡದಲ್ಲ ಅಂತಲೇ ಎಲ್ಲರೂ ಅಂದುಕೊಂಡರು. ದಿನಗಳು ಕಳೆದ ಮೇಲೆ ಕುಸಿದರು. ಮೆದುಳಿನ ಬಳಿ ರಕ್ತ ಹೆಪ್ಪುಗಟ್ಟಿತ್ತು.

ಇಲ್ಲಿ ನರ್ಸಾಗಿ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ತಲೆಬುರುಡೆ ಮತ್ತು ಮೆದುಳಿನ ನಡುವೆ ಸಣ್ಣ ರಕ್ತನಾಳ ಒಡೆದರೆ ರಕ್ತ ಹನಿಹನಿಯಾಗಿ ಸೇರುತ್ತದೆ. ಬುರುಡೆ ಹಿಗ್ಗುವುದಿಲ್ಲ, ಮೆದುಳೇ ಒತ್ತಿಸಿಕೊಳ್ಳಬೇಕು. ದಿನ ಹೋಗಬಹುದು, ವಾರಗಳೂ ಹೋಗಬಹುದು. ಮೊದಲು ತಲೆನೋವು, ಆಮೇಲೆ ವಿಪರೀತ ನಿದ್ದೆ, ವಾಂತಿ, ಮಾತು ತಡವರಿಕೆ, ಒಂದು ಕೈ ಕಾಲು ಸೋಲುವುದು. ಹೋದ ಚಳಿಗಾಲ ನಮ್ಮ ಬಳಗದ ಒಬ್ಬ ಗೆಳೆಯ, ಮನೆ ಮನೆಗೆ ಪಾರ್ಸೆಲ್ ಹಂಚುವವನು, ಮಂಜಿನಲ್ಲಿ ಜಾರಿ ತಲೆ ಹಿಂದೆ ಬಡಿಸಿಕೊಂಡ. ರಜೆ ಹಾಕಿದರೆ ಆ ದಿನದ ದುಡ್ಡಿಲ್ಲ, ಮೇಲಿನವರಿಗೆ ಗೊತ್ತಾದರೆ ಕೆಲಸ ಹೋದೀತು ಅಂತ ಯಾರಿಗೂ ಹೇಳಲಿಲ್ಲ. ಮಾತ್ರೆ ನುಂಗಿ ಒಂಬತ್ತು ದಿನ ವ್ಯಾನ್ ಓಡಿಸಿದ. ಹತ್ತನೇ ದಿನ ತಾಲೀಮಿಗೆ ಬಂದವನು ತಾಳ ಹಿಡಿಯಲಾಗದೆ ಕೈ ನೋಡಿಕೊಳ್ಳುತ್ತಾ ಕೂತ. ಎಡಗೈ ತನ್ನದಲ್ಲವೇನೋ ಅನ್ನೋ ಹಾಗೆ. ನನಗೆ ಅವತ್ತು ನೆನಪಾದದ್ದು ಪಠ್ಯಪುಸ್ತಕವಲ್ಲ, ಕೊಮೆಡ. ಹಾರ್ಮೋನಿಯಂ ಅಲ್ಲೇ ಬಿಟ್ಟು ಆಸ್ಪತ್ರೆಗೆ ಓಡಿದೆವು. ಸ್ಕ್ಯಾನಿನಲ್ಲಿ ಕಂಡಿತು, ಅದೇ ರಾತ್ರಿ ಬುರುಡೆಗೆ ರಂಧ್ರ ಕೊರೆದು ರಕ್ತ ತೆಗೆದರು. ಈಗ ಚೆನ್ನಾಗಿದ್ದಾನೆ, ಈ ಬರಹಕ್ಕೆ ಒಪ್ಪಿಗೆಯನ್ನೂ ಕೊಟ್ಟಿದ್ದಾನೆ. ದಯವಿಟ್ಟು ತಲೆಗೆ ಪೆಟ್ಟು ಬಿದ್ದರೆ ಮುಚ್ಚಿಡಬೇಡಿ. ಇಂಗ್ಲೆಂಡಿನಲ್ಲಿ ತುರ್ತು ವಿಭಾಗದ ಚಿಕಿತ್ಸೆಗೆ ಯಾರ ಹತ್ತಿರವೂ ದುಡ್ಡು ಕೇಳುವುದಿಲ್ಲ.

ಆ ಸ್ಕ್ಯಾನ್ ಕೊಮೆಡನ ಕಾಲದಲ್ಲಿ ಇರಲೇ ಇಲ್ಲ. ಆಗ ರಕ್ತನಾಳಕ್ಕೆ ಔಷಧಿ ಏರಿಸಿ ಎಕ್ಸ್‌ರೇ ತೆಗೆದು, ನಾಳ ಎಲ್ಲಿ ಪಕ್ಕಕ್ಕೆ ಸರಿದಿದೆ ಅಂತ ನೋಡಿ ಊಹಿಸಬೇಕಿತ್ತು. ಮನುಷ್ಯನ ತಲೆಯ ಮೊದಲ ಸಿ.ಟಿ. ಸ್ಕ್ಯಾನ್ ಆದದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನ ವಿಂಬಲ್ಡನ್ನಿನ ಒಂದು ಆಸ್ಪತ್ರೆಯಲ್ಲಿ. ಆ ಯಂತ್ರ ಮಾಡಿದ ಹೌನ್ಸ್‌ಫೀಲ್ಡ್ ದುಡಿಯುತ್ತಿದ್ದದ್ದು ಇ.ಎಂ.ಐ. ಕಂಪನಿಯಲ್ಲಿ. ಹೌದು, ಬೀಟಲ್ಸ್ ತಟ್ಟೆಗಳನ್ನು ತಂದ ಕಂಪನಿ, ನಮ್ಮ ಮನೆಗಳಲ್ಲಿದ್ದ ನಾಯಿ ಗುರುತಿನ ಎಚ್.ಎಂ.ವಿ. ತಟ್ಟೆಗಳ ಮೂಲ ಕಂಪನಿ. ಸಂಗೀತದ ಕಂಪನಿಯೊಂದು ಮಾಡಿದ ಯಂತ್ರ ಒಬ್ಬ ಸಂಗೀತಗಾರನ ಪಾಲಿಗೆ ಮೂರು ವರ್ಷ ತಡವಾಗಿತ್ತು.

ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು. ಎಚ್ಚರ ಬರಲಿಲ್ಲ. ಜೋಫಿಯಾ ಪೋಲೆಂಡಿನಿಂದ ಬಂದರು. ಗಂಡ ಕಿವುಡು ಕಿವಿಗಳನ್ನು ಪರೀಕ್ಷೆ ಮಾಡಿದ್ದ ಡಾಕ್ಟರು, ಈಗ ಅವರ ಕಿವಿಗೇ ಏನೂ ಕೇಳಿಸುತ್ತಿಲ್ಲ. ತಿಂಗಳುಗಳು ಹಾಗೇ ಕಳೆದವು. 1969ರ ಏಪ್ರಿಲ್‌ನಲ್ಲಿ ಆಕೆ ಒಂದು ನಿರ್ಧಾರ ಮಾಡಿ ಗಂಡನನ್ನು ವಿಮಾನದಲ್ಲಿ ವಾರ್ಸಾಕ್ಕೆ ಕರೆತಂದರು. ಪರದೇಶದ ಆಸ್ಪತ್ರೆಯ ಕಾರಿಡಾರಿನಲ್ಲಿ ಇಂಥ ನಿರ್ಧಾರ ಮಾಡಬೇಕಾಗಿ ಬಂದವರನ್ನು ನಾನು ನೋಡಿದ್ದೇನೆ. ಬಳಗದಲ್ಲಿ ಚಂದಾ ಎತ್ತಿ ಒಬ್ಬರನ್ನು ಕಳಿಸಿಕೊಟ್ಟದ್ದು ನಿಮಗೂ ನೆನಪಿದೆ. ಏಪ್ರಿಲ್ 23ರಂದು ಕೊಮೆಡ ತೀರಿಕೊಂಡರು. ಮೂವತ್ತೆಂಟು ತುಂಬಲು ನಾಲ್ಕು ದಿನ ಬಾಕಿ ಇತ್ತು. ತಾನು ಊರು ಮುಟ್ಟಿದೆ ಅಂತ ಅವರಿಗೆ ತಿಳಿದಿತ್ತೋ ಇಲ್ಲವೋ. ಎರಡು ತಿಂಗಳೊಳಗೆ, ಜೂನ್‌ನಲ್ಲಿ, ಹ್ವಾಸ್ಕೊ ಕೂಡ ಜರ್ಮನಿಯಲ್ಲಿ ಸತ್ತರು.

ವಾರ್ಸಾದ ಪೊವೊನ್ಸ್ಕಿ ಸ್ಮಶಾನದಲ್ಲಿ ಸಮಾಧಿ ಇದೆ. ತುತ್ತೂರಿಯ ಆ ಹುಡುಗ ಸ್ತಾಂಕೊ 1970ರಲ್ಲಿ ತನ್ನ ಮೊದಲ ತಟ್ಟೆ ತಂದಾಗ ಅದಕ್ಕೆ ಕೊಮೆಡನ ಮೊದಲಕ್ಷರವನ್ನೇ ಹೆಸರಿಟ್ಟ, 'ಕೆ.ಗಾಗಿ ಸಂಗೀತ' ಅಂತ. 1997ರಲ್ಲಿ, ತಾನೇ ಜಗತ್ಪ್ರಸಿದ್ಧನಾದ ಮೇಲೆ, ಮತ್ತೆ ಪೂರ್ತಿ ಒಂದು ತಟ್ಟೆಯನ್ನು ಕೊಮೆಡನ ರಚನೆಗಳಿಗೇ ಮೀಸಲಿಟ್ಟ. ಹೆಚ್ಚು ಮಾತಾಡದ ಯಜಮಾನನಿಗೆ ಮೂವತ್ತು ವರ್ಷವಾದರೂ ಉತ್ತರ ಕೊಡುತ್ತಲೇ ಇದ್ದ.

ಇತ್ತ ನಮ್ಮ ವಾರ್ಡಿನ ಆ ಹಿರಿಯರು ಈ ವಸಂತದಲ್ಲಿ ನಿವೃತ್ತರಾಗಿ ಊರಿಗೆ ಹೊರಟರು. ತಮ್ಮ ಕಾಲ ಮೇಲೆ ನಡೆದುಕೊಂಡೇ ಹೋಗುತ್ತೇನೆ ಅಂತ ಎರಡು ವರ್ಷದಿಂದ ಹೇಳುತ್ತಿದ್ದರು. ಬೀಳ್ಕೊಡುಗೆ ಚಹಾಕ್ಕೆ ನಾನು ಕಾರಿನ ಡಿಕ್ಕಿಯಲ್ಲಿ ಕೀಬೋರ್ಡ್ ಹಾಕ್ಕೊಂಡು ಹೋದೆ. ಹನ್ನೊಂದು ವರ್ಷದಲ್ಲಿ ಅದು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಸ್ಟಾಫ್ ರೂಮಿನಲ್ಲಿ, ಕೇಕಿನ ಪಕ್ಕ ಅದನ್ನಿಟ್ಟು ಜೋಗುಳ ನುಡಿಸಿದೆ. ಎರಡನೇ ಸಾಲಿನ ಇಳಿಯುವ ಜಾಗದಲ್ಲಿ ಒಂದು ಸ್ವರ ತಪ್ಪಿತು. ಅವರು ಕಣ್ಣು ಮುಚ್ಚಿಕೊಂಡೇ ತಲೆ ಅಲ್ಲಾಡಿಸಿ, ಸರಿಯಾದ ಸ್ವರವನ್ನು ಗುನುಗಿ ತೋರಿಸಿದರು. ನಾನು ಮತ್ತೆ ಮೊದಲಿಂದ ಶುರು ಮಾಡಿದೆ.